ನಡೆ ಸುಧಾರಣಾ ತರಗತಿ

ಗುಮಾಸ್ತರು ತಮ್ಮ ಸೇವೆಯ ಕಾಲದಲ್ಲಿ ಯಾರ ಬಗ್ಗೆಯೂ ಕೆಟ್ಟದ್ದು ಬರೆದವರಲ್ಲ. ಶಾಲೆಯ ಕಚೇರಿಯಲ್ಲಿ ಮಕ್ಕಳ ವರ್ಗಾವಣೆ ಪತ್ರ ಬರೆಯುವುದು ಅವರ ಕೆಲಸ. ಅದರಲ್ಲಿ 'ನಡತೆ' ಎಂಬ ಒಂದು ಕಾಲಂ ಇರುತ್ತದೆ. ಕಿಟಕಿಯ ಗಾಜು ಒಡೆದವನಿಗೂ, ಒಡೆದವನ ಹೆಸರು ಹೇಳಿಕೊಟ್ಟವನಿಗೂ, ಗಣಿತದ ಮೇಷ್ಟ್ರ ಸೈಕಲ್ಲಿನ ಗಾಳಿ ಬಿಟ್ಟವನಿಗೂ ಅವರು ಆ ಜಾಗದಲ್ಲಿ ಬರೆದದ್ದು ಒಂದೇ ಮಾತು: 'ಉತ್ತಮ'. ಒಮ್ಮೆ ಮುಖ್ಯೋಪಾಧ್ಯಾಯರು ಕರೆಸಿ, "ಏನ್ರೀ, ಈ ಹುಡುಗ ನನ್ನ ಕುರ್ಚಿಗೆ ಗೋಂದು ಹಚ್ಚಿದವನು. ಇವನಿಗೂ ಉತ್ತಮಾನಾ?" ಎಂದು ಕೇಳಿದಾಗ, "ಸಾರ್, ಆ ಕಾಲಂ ತುಂಬಾ ಚಿಕ್ಕದು. ಬೇರೆ ಮಾತು ಹಿಡಿಸಲ್ಲ" ಎಂದು ಉತ್ತರ ಕೊಟ್ಟಿದ್ದರು.

ಹೀಗಾಗಿ ಆ ಬಡಾವಣೆಯಲ್ಲಿ ಕೆಳಮನೆಯ ವಕೀಲರಿಂದ ಹಿಡಿದು ಮೂಲೆಯ ಸಲೂನಿನವನವರೆಗೆ ಎಲ್ಲರೂ ಗುಮಾಸ್ತರ ಕೈಬರಹದಲ್ಲೇ ಉತ್ತಮರಾದವರು. ಅಂಥ ಗುಮಾಸ್ತರ ನಡೆಯನ್ನೇ ಜನ ಅನುಮಾನಿಸುವ ಕಾಲ ಬಂತೆಂದರೆ ಅದಕ್ಕೆ ಕಾರಣ ಎರಡು. ಒಂದು ಬಕೆಟ್ ಸೋಪಿನ ನೀರು, ಇನ್ನೊಂದು ಒಂದು ಶಬ್ದ. ನೀರು ಟೈಲರಮ್ಮನದು. ಶಬ್ದ ಮಾತ್ರ ಗುಮಾಸ್ತರ ಸ್ವಂತದ್ದು. ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ನಿವೃತ್ತರಾದ ಮೇಲೆ ಗುಮಾಸ್ತರು ಒಂದೇ ಒಂದು ಹುದ್ದೆಯ ಮೇಲೆ ಆಸೆ ಇಟ್ಟಿದ್ದರು. ಮೊಮ್ಮಗಳು ಒಂದನೇ ತರಗತಿಗೆ ಸೇರುವವಳಿದ್ದಳು, ಅದೂ ಅವರೇ ದುಡಿದಿದ್ದ ಶಾಲೆಗೆ. ಅವಳ ಕೈ ಹಿಡಿದುಕೊಂಡು ದಿನಾ ಶಾಲೆಗೆ ನಡೆಸಿಕೊಂಡು ಹೋಗುವ ಕೆಲಸ ತಮಗೇ ಸಿಗಬೇಕೆಂದು ಮಗಳ ಹತ್ತಿರ ಮೊದಲೇ ಮಾತು ತೆಗೆದುಕೊಂಡಿದ್ದರು. ಆದರೆ ಈ ಹುದ್ದೆಗೆ ಇನ್ನೊಬ್ಬ ಅಭ್ಯರ್ಥಿಯೂ ಇದ್ದರು. ಅವರು ಬೀಗಿತ್ತಿ, ಅಂದರೆ ಅಳಿಯನ ತಾಯಿ. ಮಗುವಿನ ಜೊತೆ ಒಂದೇ ಮನೆಯಲ್ಲಿ ಇರುವವರು. ಅವರ ಅಭಿಪ್ರಾಯದಲ್ಲಿ ಮಗು ಶಾಲೆಯ ವ್ಯಾನಿನಲ್ಲಿ ಹೋಗಬೇಕು, ವ್ಯಾನಿನ ತನಕ ಅವರು ಬಿಡಬೇಕು. ಅಳಿಯ ತಾಯಿಯ ಮಾತಿಗೂ ಹೆಂಡತಿಯ ಮಾತಿಗೂ ಒಂದೇ ರೀತಿ ತಲೆಯಾಡಿಸುವವನು. ಅವನನ್ನು ಈ ಕಥೆಯಲ್ಲಿ ಸೇರಿಸಿದರೂ ಬಿಟ್ಟರೂ ಲೆಕ್ಕ ಒಂದೇ.

ಮೊಮ್ಮಗಳ ಸಮವಸ್ತ್ರ ತರಲು ಗುಮಾಸ್ತರು ಟೈಲರಮ್ಮನ ಅಂಗಡಿಗೆ ಹೋದ ದಿನವೇ ಆಕೆ ಮೆಟ್ಟಿಲು ತೊಳೆದಿದ್ದರು. ಗುಮಾಸ್ತರು ಸಮವಸ್ತ್ರದ ಪೊಟ್ಟಣ ಎದೆಗವಚಿಕೊಂಡು ಹೊರಗೆ ಬಂದವರು ಮೇಲಿನ ಮೆಟ್ಟಿಲಿನಲ್ಲಿ ಹೊರಟು ಕೆಳಗಿನ ಮೆಟ್ಟಿಲಿನಲ್ಲಿ ಕೂತರು. ನಡುವಿನ ಮೆಟ್ಟಿಲುಗಳ ನೆನಪು ಅವರಿಗಿಲ್ಲ. ಟೈಲರಮ್ಮ ಕತ್ತಿನಲ್ಲಿ ಅಳತೆ ಪಟ್ಟಿ, ಬಾಯಲ್ಲಿ ಗುಂಡುಪಿನ್ನು ಇಟ್ಟುಕೊಂಡೇ ಓಡಿಬಂದು, ಕೈ ಹಿಡಿದು, ಬಟ್ಟೆಯ ಥಾನು ಎತ್ತುವಂತೆ ಎತ್ತಿ ನಿಲ್ಲಿಸಿದರು. ಪೊಟ್ಟಣಕ್ಕೆ ಒಂದು ಹನಿಯೂ ತಾಗಿರಲಿಲ್ಲ. ಗುಮಾಸ್ತರು ಇದನ್ನು ಮನೆಯಲ್ಲಿ ಎಲ್ಲರಿಗೂ ಒತ್ತಿ ಹೇಳಿದರು. ಯಾರೂ ಮೆಚ್ಚಲಿಲ್ಲ.

"ಅಪ್ಪಾ, ನೀವು ಬಿದ್ದಿದ್ದಕ್ಕೆ ನನಗೆ ಬೇಜಾರಿಲ್ಲ. ಸೋಪು ನೀರಲ್ಲಿ ಯಾರಾದರೂ ಬೀಳ್ತಾರೆ" ಎಂದಳು ಮಗಳು. ಅವಳು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವವಳು. ಮಾತೂ ಹಾಗೇ, ಚುಚ್ಚಿ ತೆಗೆದುಬಿಡುವುದು. "ಆದರೆ ನೀವು ನಡೆಯೋದನ್ನ ಹಿಂದಿನಿಂದ ನೋಡಿದೀನಿ. ಅಡ್ಡಡ್ಡ ಹೋಗ್ತೀರಿ. ನಮ್ಮ ಆಸ್ಪತ್ರೆ ಫಿಸಿಯೋ ಮೇಡಂ ವಯಸ್ಸಾದವರಿಗೆ ವಾಕಿಂಗ್ ಕ್ಲಾಸ್ ನಡೆಸ್ತಾರೆ. ಸೇರ್ಕೊಳ್ಳಿ."

"ನಡೆಯೋದನ್ನ ಕಲಿಯೋಕೆ ಕ್ಲಾಸಾ? ನೀನು ನಡೆಯೋದು ಕಲಿತಿದ್ದೇ ನನ್ನ ಬೆರಳು ಹಿಡಿದು."

"ಅದಕ್ಕೇ ನಾನೂ ಸ್ವಲ್ಪ ಅಡ್ಡ ನಡೀತೀನಿ ಅಂತ ನಿಮ್ಮ ಅಳಿಯ ಹೇಳೋದು. ನೋಡಿ ಅಪ್ಪಾ, ಮೇಡಂ ಸರಿ ಅಂದ್ರೆ ಮಗು ನಿಮ್ಮ ಜೊತೆ. ಇಲ್ಲಾಂದ್ರೆ ವ್ಯಾನು."

ತರಗತಿ ನಡೆಯುತ್ತಿದ್ದದ್ದು ಲೈಬ್ರರಿಯ ಹಿಂದಿನ ಮೈದಾನದಲ್ಲಿ. ಮೇಡಂ ಕತ್ತಿನಲ್ಲಿ ಶಿಳ್ಳೆ ಹಾಕಿಕೊಂಡ, ಯಾರ ಮುಖವನ್ನೂ ನೋಡದೆ ಕಾಲನ್ನೇ ನೋಡಿ ಮಾತಾಡುವ ಹೆಂಗಸು. ಮೊದಲ ದಿನ ಗುಮಾಸ್ತರನ್ನು ಒಂದು ಸುತ್ತು ನಡೆಸಿ, "ಸಾರ್, ನಿಮ್ಮ ಗೇಟ್ ಸರಿ ಇಲ್ಲ" ಎಂದರು.

ಗುಮಾಸ್ತರು ತಿರುಗಿ ಮೈದಾನದ ಕಬ್ಬಿಣದ ಗೇಟನ್ನು ನೋಡಿದರು. "ನಾನು ಹಾಕ್ಕೊಂಡೇ ಬಂದೆ ಮೇಡಂ."

"ಆ ಗೇಟಲ್ಲ ಸಾರ್. ನಿಮ್ಮ ಗೇಟು."

"ನಮ್ಮ ಮನೇದಾ? ಅದರ ಚಿಲಕ ಕೆಟ್ಟು ಬಹಳ ಕಾಲ ಆಯ್ತು. ಮಗಳು ಹೇಳಿದಳೇನು?"

ಅಷ್ಟು ಹೊತ್ತಿಗೆ ತರಗತಿಯಲ್ಲಿದ್ದ ನಿವೃತ್ತ ಬಸ್ ಡ್ರೈವರು ಹೋಗಿ ಮೈದಾನದ ಗೇಟನ್ನು ಎತ್ತಿ ಕೂರಿಸಲು ಆರಂಭಿಸಿದ್ದರು. ಮೇಡಂ ಶಿಳ್ಳೆ ಊದಿ, ಮನುಷ್ಯ ನಡೆಯುವ ರೀತಿಗೂ ವೈದ್ಯರ ಇಂಗ್ಲಿಷಿನಲ್ಲಿ ಗೇಟ್ ಎಂದೇ ಹೇಳುತ್ತಾರೆ, ಬರೆಯುವುದು ಮಾತ್ರ ಬೇರೆ ಎಂದು ವಿವರಿಸಿದರು. ದಿನಾ ಹೀಗೇ ಆಗುತ್ತದೆ, ಹೊಸಬರೆಲ್ಲ ಹೋಗಿ ಹೋಗಿ ಗೇಟು ನೋಡುತ್ತಾರೆ ಎಂದು ಬೇಸರಪಟ್ಟುಕೊಂಡರು.

ಗುಮಾಸ್ತರ ದೋಷ ಬೇಗ ಪತ್ತೆಯಾಯಿತು. ಶಾಲೆಯ ಕಚೇರಿಯಲ್ಲಿ ಅವರ ಮೇಜಿಗೆ ಹೋಗಬೇಕಾದರೆ ಎರಡು ಬೀರುಗಳ ನಡುವೆ ನುಸುಳಬೇಕಿತ್ತು. ನುಸುಳಿ ನುಸುಳಿ, ಈಗ ಬಯಲಿನಲ್ಲೂ ಅಲ್ಲೊಂದು ಬೀರು ಇದೆ ಎಂಬಂತೆ ಎಡ ಹೆಗಲನ್ನು ಮುಂದೆ ಮಾಡಿ, ಎಡಕ್ಕೆ ವಾಲಿ ಸಾಗುತ್ತಿದ್ದರು. ಡ್ರೈವರು ಎದುರಿಗೆ ಯಾರು ಬಂದರೂ ಬಲಗಾಲನ್ನು ನೆಲಕ್ಕೆ ಒತ್ತಿ ನಿಲ್ಲುತ್ತಿದ್ದರು. ಒಟ್ಟಿನಲ್ಲಿ ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಕಾಲಿನಲ್ಲಿ ಇಟ್ಟುಕೊಂಡೇ ನಿವೃತ್ತರಾಗಿದ್ದರು.

"ಮೇಡಂ, ಗೇಟ್ ಅನ್ನೋ ಮಾತಿಗೆ ಒಂದು ಕನ್ನಡ ಶಬ್ದ ಕೊಡಲೇ?" ಎಂದರು ಗುಮಾಸ್ತರು. ಕಚೇರಿಯ ಪತ್ರಗಳನ್ನು ಬರೆದ ಕೈ, ಸುಮ್ಮನಿರಲಿಲ್ಲ. 'ನಡಿಗೆ' ಎಂಬುದು ಬಾಯಿಗೆ ಬಂದಿತ್ತು. ಆದರೆ ಅದು ತೀರಾ ಮನೆಯ ಮಾತಾಯಿತು, ತೂಕ ಸಾಲದು. 'ಚಲನ' ಎಂದರೆ ಜನ ಬ್ಯಾಂಕಿನ ಚಲನ್ ಎಂದುಕೊಳ್ಳುತ್ತಾರೆ. ಯೋಚಿಸಿ ಯೋಚಿಸಿ, "ನಡೆ" ಎಂದರು. "ವಾಕಿಂಗ್ ಕ್ಲಾಸ್ ಅನ್ನೋದಕ್ಕೂ ನಡೆ ಸುಧಾರಣಾ ತರಗತಿ ಅಂದ್ರೆ ಗೌರವ ಇರುತ್ತೆ."

ಮೇಡಂ ಸಂತೋಷಪಟ್ಟರು. ಅಂದಿನಿಂದ ಅವರ ಬಾಯಲ್ಲಿ ಗೇಟ್ ಹೋಗಿ ನಡೆ ಬಂತು. ಗುಮಾಸ್ತರು ತಮ್ಮ ಮುತ್ತಿನಂಥ ಅಕ್ಷರದಲ್ಲಿ ಒಂದು ಬೋರ್ಡು ಬರೆದು ಮೈದಾನದ ಗೇಟಿಗೆ ಕಟ್ಟಿದರು. ಈ ವಯಸ್ಸಿನಲ್ಲಿ ನಡೆಯಲು ಕಲಿಯುತ್ತಿದ್ದೇನೆ ಎಂದು ನಾಲ್ಕು ಜನರ ಮುಂದೆ ಹೇಳುವ ಅವಮಾನ ತಪ್ಪಿತೆಂದು ಅವರಿಗೆ ನೆಮ್ಮದಿಯಾಯಿತು. ಆ ನೆಮ್ಮದಿ ಕೆಳಮನೆಯ ಮೆಟ್ಟಿಲಿನವರೆಗೂ ಬಾಳಲಿಲ್ಲ.

"ಸಾರ್, ದಿನಾ ಬೆಳಿಗ್ಗೆ ಎಲ್ಲಿಗೆ ಸವಾರಿ?" ಎಂದು ವಕೀಲರು ಚಪ್ಪಲಿ ಮೆಟ್ಟಿಕೊಳ್ಳುತ್ತ ಕೇಳಿದರು.

"ನಡೆ ಸುಧಾರಣಾ ತರಗತಿಗೆ ಸೇರಿದೀನಿ, ವಕೀಲರೇ."

ವಕೀಲರು ಒಂದು ಚಪ್ಪಲಿಯಲ್ಲೇ ನಿಂತರು. "ನೀವಾ?"

"ನಾನೇ. ಈ ವಯಸ್ಸಲ್ಲಿ ಯಾಕೆ ಅಂತ ತಾನೆ ನಿಮ್ಮ ಪ್ರಶ್ನೆ? ನನಗೂ ಹಾಗೇ ಅನಿಸ್ತು. ಮಗಳು ಬಿಡಲಿಲ್ಲ."

"ಮಗಳಿಗೆ ಗೊತ್ತಾಗಿಹೋಯ್ತಾ?"

"ಅವಳೇ ಕಂಡುಹಿಡಿದಿದ್ದು. ಬಹಳ ದಿನದಿಂದ ಹಿಂದಿನಿಂದ ಗಮನಿಸ್ತಿದ್ದಳಂತೆ."

ವಕೀಲರು ದನಿ ತಗ್ಗಿಸಿದರು. "ಏನಾಯ್ತು ಸಾರ್?"

"ಏನಿಲ್ಲ. ಕಾಲು ಜಾರಿತು."

"ಎಲ್ಲಿ?"

"ಟೈಲರಮ್ಮನ ಹತ್ರ."

ವಕೀಲರು ಮೆಟ್ಟಿಲಿನ ಮೇಲೆ ಕೂತುಬಿಟ್ಟರು.

"ಏನಾಗ್ತಿದೆ ಅಂತ ತಿಳಿಯೋದರೊಳಗೆ ಆಗಿಹೋಯ್ತು. ಆಕೆ ಕೈ ಹಿಡೀದೆ ಇದ್ದಿದ್ರೆ ನನ್ನ ಗತಿ ಏನಾಗ್ತಿತ್ತೋ. ಒಳ್ಳೆ ಹೆಂಗಸು."

"ಮನೇಲಿ ಅಮ್ಮನಿಗೆ..."

"ಗೊತ್ತಿಲ್ಲದೆ ಏನು? ಅವಳೇ ಮುಲಾಮು ಹಚ್ಚಿದ್ದು."

ವಕೀಲರ ಕಣ್ಣು ತುಂಬಿತು. "ಎಂಥ ದೊಡ್ಡ ಮನಸ್ಸು ಸಾರ್ ಅವರದು."

"ಮನಸ್ಸು ದೊಡ್ಡದೇ. ಆದರೆ ಮುಲಾಮು ವಿಪರೀತ ಉರೀತು."

"ಇದು ನಮ್ಮಿಬ್ಬರಲ್ಲೇ ಇರಲಿ ಸಾರ್. ನನ್ನಿಂದ ಹೊರಗೆ ಹೋಗಲ್ಲ" ಎಂದರು ವಕೀಲರು.

ವಕೀಲರು ಮಾತಿಗೆ ತಪ್ಪಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಅವರು ಹೆಂಡತಿಗೆ ಮಾತ್ರ ಹೇಳಿದರು, ಹೆಂಡತಿಗೆ ಹೇಳಿದ್ದು ಹೊರಗೆ ಹೋದಂತಾಗುವುದಿಲ್ಲ ಎಂಬುದು ಅವರ ವಾದ. ಹೆಂಡತಿ ತನ್ನ ತಂಗಿಗೆ ಮಾತ್ರ ಹೇಳಿದಳು. ತಂಗಿಗೆ ನಾಲ್ಕು ಜನ ಗೆಳತಿಯರು. ಮಧ್ಯಾಹ್ನದ ಹೊತ್ತಿಗೆ ಟೈಲರಮ್ಮನ ಅಂಗಡಿಯಲ್ಲಿ ಹಿಂದೆಂದೂ ಕಾಣದ ಜನಸಂದಣಿ. ಹೊಲಿದು ಮುಗಿದ ಬಟ್ಟೆಗಳನ್ನೇ ಹೊಲಿಯಲು ತಂದ ಹೆಂಗಸರು ಅಳತೆ ಕೊಡುವ ನೆಪದಲ್ಲಿ ಆಕೆಯನ್ನು ಕಾಲಿನಿಂದ ತಲೆಯವರೆಗೆ ಅಳೆದುಕೊಂಡು ಹೋದರು.

ಸಲೂನಿನವನು ಗುಮಾಸ್ತರನ್ನು ಕುರ್ಚಿಯಲ್ಲಿ ಕೂರಿಸಿ, ಹೆಗಲಿಗೆ ಬಟ್ಟೆ ಹೊದಿಸಿ, ಕತ್ತರಿ ಕೈಗೆತ್ತಿಕೊಳ್ಳದೆ ನಿಂತ. "ಸಾರ್, ನಾನೂ ಒಂದು ಕಾಲದಲ್ಲಿ ದಾರಿ ತಪ್ಪಿದವನೇ. ನೀವು ನನಗೆ ಉತ್ತಮ ಅಂತ ಬರೆದುಕೊಟ್ರಿ. ಅದನ್ನ ನೋಡಿ ನೋಡಿ ನಾಚಿಕೆಯಾಗಿ ದಾರಿಗೆ ಬಂದೆ. ನೀವೂ ಬರ್ತೀರಿ."

"ದಾರಿ ನನಗೆ ಗೊತ್ತಿದೆ ಕಣಪ್ಪ. ಲೈಬ್ರರಿ ಹಿಂದೆ" ಎಂದರು ಗುಮಾಸ್ತರು. "ನೀನೂ ಬಾ. ನಿಂತು ನಿಂತು ಕೆಲಸ ಮಾಡೋರ ನಡೆ ಬೇಗ ಕೆಡುತ್ತಂತೆ."

ಸಲೂನಿನವನು ಕನ್ನಡಿಯಲ್ಲಿ ತನ್ನ ಮುಖವನ್ನು ಒಮ್ಮೆ ನೋಡಿಕೊಂಡ.

ಆ ವಾರ ಮಗಳು ಆಸ್ಪತ್ರೆಯ ತರಬೇತಿಗೆಂದು ಪರ ಊರಿಗೆ ಹೋಗಿದ್ದಳು. ಇಲ್ಲದಿದ್ದರೆ ಈ ಕಥೆ ಇಲ್ಲಿಗೇ ಮುಗಿದು ಓದುಗರಿಗೆ ಅನ್ಯಾಯವಾಗುತ್ತಿತ್ತು. ಅವಳ ಬದಲಿಗೆ ಬಂದವರು ಗುಮಾಸ್ತರ ಹೆಂಡತಿಯ ಅಣ್ಣ. ಗುಮಾಸ್ತರಿಗೆ ಅವರು ಭಾವ. ಜೈಲಿನಲ್ಲಿ ವಾರ್ಡರ್ ಆಗಿದ್ದು ನಿವೃತ್ತರಾದವರು. ಸುದ್ದಿ ಅವರ ಊರನ್ನು ಹೇಗೆ ಮುಟ್ಟಿತೋ, ಒಂದು ಚೀಲ ಹಿಡಿದುಕೊಂಡು ಬೆಳಿಗ್ಗೆಯೇ ಬಂದಿಳಿದರು. ಗುಮಾಸ್ತರು ಆಗ ತರಗತಿಗೆ ಹೋಗಿದ್ದರು.

"ಹೆದರಬೇಡ ಪುಟ್ಟೀ. ನಡೆ ಸುಧಾರಣೆ ನನಗೆ ಹೊಸದಲ್ಲ. ಜೀವಮಾನವೆಲ್ಲ ಅದನ್ನೇ ಮಾಡಿದೋನು. ಎಷ್ಟು ದಿನದಿಂದ ಹೀಗೆ?" ಎಂದರು ಭಾವ, ಚಹಾದ ಲೋಟ ಹಿಡಿದು.

"ಮದುವೆ ಆದಾಗಿಂದ ಹೀಗೇ ಅಣ್ಣ" ಎಂದರು ಗುಮಾಸ್ತರ ಹೆಂಡತಿ. ಅವರಿಗೆ ಸೋಪಿನ ನೀರೂ ಗೊತ್ತು, ಮುಲಾಮೂ ಗೊತ್ತು. ಊರಿನ ಮಾತೊಂದೇ ಅವರ ಕಿವಿಗೆ ಬಿದ್ದಿರಲಿಲ್ಲ. ಯಾಕೆಂದರೆ ಅವರನ್ನು ಕಂಡ ಕೂಡಲೇ ಎಲ್ಲರೂ ಮಾತು ನಿಲ್ಲಿಸಿ ಮರುಕದಿಂದ ನೋಡುತ್ತಿದ್ದರು. "ಮೊದಲನೇ ದಿನವೇ ನಾನು ಕಂಡಿದ್ದೆ. ಒಂದು ಕಡೆ ವಾಲ್ತಾರೆ."

"ಯಾವ ಕಡೆ?"

"ಯಾವಾಗಲೂ ಎಡಗಡೆಗೇ."

ಭಾವನವರು ಕಿಟಕಿಯಿಂದ ಬಗ್ಗಿ ನೋಡಿದರು. ಟೈಲರಮ್ಮನ ಅಂಗಡಿ ರಸ್ತೆಯ ಎಡಗಡೆಗೇ ಇತ್ತು. "ಇಷ್ಟು ವರ್ಷ ನೀನು ಬಾಯಿ ಮುಚ್ಕೊಂಡು ಸಹಿಸಿದೆಯಾ?"

"ಸಹಿಸೋದೇನು ಬಂತು. ಒಬ್ಬೊಬ್ಬರದು ಒಂದೊಂದು ಥರ. ನಾನು ಬಲಗಡೆ ಜಾಗ ಮಾಡ್ಕೊಂಡೆ."

"ಆ ಟೈಲರ್ ಹೆಂಗಸು ಈಗ?"

"ಆಕೆಯೂ ಅದೇ ಕ್ಲಾಸಿಗೆ ಸೇರಿದಾರೆ. ಹೊಲಿಗೆ ಮಿಷನ್ ತುಳಿದೂ ತುಳಿದೂ ಪಾಪ ಆಕೆ ಬಲಕ್ಕೆ ವಾಲ್ತಾರಂತೆ. ಅದಕ್ಕೇ ಮೇಡಂ ಇವರಿಬ್ಬರನ್ನ ಜೋಡಿ ಮಾಡಿದಾರೆ. ಇಬ್ಬರಿಗೂ ಒಳ್ಳೇದಾಗಲಿ, ಬಿಡು."

ಭಾವನವರ ಚಹಾ ಲೋಟದಲ್ಲೇ ತಣ್ಣಗಾಯಿತು. "ಜೈಲಿನಲ್ಲಿ ಏನೇನೋ ನೋಡಿದೀನಿ ಪುಟ್ಟೀ" ಎಂದರು ಕೊನೆಗೆ. "ಇಂಥದ್ದು ನೋಡಿಲ್ಲ."

ಬೀಗಿತ್ತಿ ಬಂದದ್ದೂ ಆಗಲೇ, ಗುಮಾಸ್ತರು ತರಗತಿ ಮುಗಿಸಿ ಬೆವರೊರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿದ್ದೂ ಆಗಲೇ. ಬೀಗಿತ್ತಿ ಕೂರಲಿಲ್ಲ.

"ಬೀಗರೇ, ಮಗೂನ ನಿಮ್ಮ ಜೊತೆ ಕಳಿಸೋ ಮಾತು ಇವತ್ತಿಗೆ ಮುಗೀತು. ನಿಮ್ಮ ನಡೆ ನನಗೆ ಒಂಚೂರೂ ಸರಿ ಕಾಣಲ್ಲ."

ಗುಮಾಸ್ತರ ಕೈಯಲ್ಲಿದ್ದ ಕರವಸ್ತ್ರ ಕೆಳಗೆ ಬಿತ್ತು. ಮೇಡಂ ಏನಾದರೂ ಹೇಳಿಕಳಿಸಿದರೋ ಎಂದುಕೊಂಡರು. "ಇನ್ನು ಸ್ವಲ್ಪ ದಿನ ಸಮಯ ಕೊಡಿ. ಮೊದಲಿಗಿಂತ ಎಷ್ಟೋ ಸುಧಾರಿಸಿದೆ. ಬೇಕಾದರೆ ಟೈಲರಮ್ಮನ್ನೇ ಕೇಳಿ."

"ನಾನು ಆಕೇನ ಕೇಳಬೇಕಾ?"

"ದಿನಾ ಪಕ್ಕದಲ್ಲೇ ಇರೋರು, ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೇಡ ಅಂದ್ರೆ ಈಗ ನಿಮ್ಮೆದುರಿಗೇ ತೋರಿಸ್ತೀನಿ."

"ಏನೂ ತೋರಿಸಬೇಡಿ" ಎಂದು ಬೀಗಿತ್ತಿ ಗೋಡೆಗೆ ಒತ್ತಿ ನಿಂತರು. "ಮತ್ತೆ ಕಾಲು ಜಾರೋದಿಲ್ಲ ಅಂತ ಏನು ಖಾತ್ರಿ?"

ಗುಮಾಸ್ತರು ಸುಳ್ಳು ಹೇಳುವವರಲ್ಲ. "ಖಾತ್ರಿ ಹೇಗೆ ಕೊಡಲಿ? ಜಾರೋದು ನಮ್ಮ ಕೈಲಿದೆಯಾ? ನಾಳೆ ನೀವೂ ಜಾರಬಹುದು."

ಬೀಗಿತ್ತಿ ಭಾವನವರ ಕಡೆ ನೋಡಿ, "ಕೇಳಿದ್ರಲ್ಲ" ಎಂದಷ್ಟೇ ಹೇಳಿ ಇಳಿದು ಹೋದರು.

ಆ ದಿನ ಗುಮಾಸ್ತರು ಊಟಕ್ಕೆ ಬರಲಿಲ್ಲ. ಪಡಸಾಲೆಯ ನೆಲದಲ್ಲಿ ಎರಡು ಸಾಲು ಕಲ್ಲು ಕೂಡುವ ಗೆರೆ ಒಂದಿತ್ತು. ಆ ಗೆರೆಯ ಮೇಲೆ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಇದ್ದರು. ಎಡಗೈ ಮಾತ್ರ ಸ್ವಲ್ಪ ಕೆಳಗೆ, ಯಾವುದೋ ಪುಟ್ಟ ಕೈ ಹಿಡಿದಿರುವ ಎತ್ತರದಲ್ಲಿ ಇತ್ತು. ಭಾವನವರು ಬಾಗಿಲ ಸಂದಿಯಿಂದ ನೋಡಿ, "ಪಶ್ಚಾತ್ತಾಪ ಶುರುವಾಗಿದೆ" ಎಂದು ತಂಗಿಗೆ ಹೇಳಿದರು. "ಕಾಲು ನೋವು ಶುರುವಾಗುತ್ತೆ" ಎಂದರು ತಂಗಿ.

ಮರುದಿನ ಬೆಳಿಗ್ಗೆ ಒಂದು ನಿ​ಯೋಗ ಮೈದಾನದ ಕಡೆ ಹೊರಟಿತು. ಆ ಸುಧಾರಣಾ ಕೇಂದ್ರದ ಮುಖ್ಯಸ್ಥರನ್ನೇ ನೇರವಾಗಿ ಕಂಡು, ಗುಮಾಸ್ತರು ದಾರಿಗೆ ಬರುವ ಲಕ್ಷಣ ಇದೆಯೋ ಇಲ್ಲವೋ ಎಂದು ಕೇಳಿಬಿಡುವುದೆಂದು ತೀರ್ಮಾನವಾಗಿತ್ತು. ಬೀಗಿತ್ತಿ ಮುಂದೆ, ಭಾವ ಅವರ ಪಕ್ಕದಲ್ಲಿ, ವಕೀಲರು ಮತ್ತು ಸಲೂನಿನವನು ಹಿಂದೆ. ಮನೆಯಲ್ಲಿ ಬಿಟ್ಟು ಬರಲು ಯಾರೂ ಇಲ್ಲದ್ದರಿಂದ ಮೊಮ್ಮಗಳೂ ಬೀಗಿತ್ತಿಯ ಕೈ ಹಿಡಿದು ಬಂದಿದ್ದಳು.

ಗೇಟಿನ ಮುಂದೆ ನಿಂತು ಎಲ್ಲರೂ ಬೋರ್ಡು ಓದಿದರು.

"ಬೋರ್ಡ್ ಹಾಕ್ಕೊಂಡು ನಡೆಸ್ತಿದಾರೆ" ಎಂದರು ಭಾವ.

"ಅಕ್ಷರ ಸಾರ್‌ದೇ. ಇದೇ ಕೈಯಲ್ಲಿ ನನಗೆ ಉತ್ತಮ ಅಂತ ಬರೆದಿದ್ದು" ಎಂದ ಸಲೂನಿನವನು.

ಒಳಗಿನಿಂದ ಮೇಡಂ ದನಿ ಕೇಳುತ್ತಿತ್ತು. "ಕಣ್ಣು ಅತ್ತಿತ್ತ ಹೋಗಬಾರದು. ದೃಷ್ಟಿ ನೇರ ಇರಲಿ. ಗುಮಾಸ್ತರೇ, ಮತ್ತೆ ಟೈಲರಮ್ಮನ ಕಡೆ ವಾಲ್ತಿದೀರಿ."

"ಹಳೇ ಅಭ್ಯಾಸ ಮೇಡಂ."

"ಇಷ್ಟು ವರ್ಷದ ಅಭ್ಯಾಸ ಒಂದೇ ಸಲಕ್ಕೆ ಬಿಡೋಕೆ ಆಗಲ್ಲ, ಒಪ್ತೀನಿ. ಆದರೆ ಮೊಮ್ಮಗಳ ಮುಖ ನೆನಪು ಮಾಡ್ಕೊಳ್ಳಿ. ಬಿಡಲೇಬೇಕು."

"ನಮ್ಮಲ್ಲೂ ಇದನ್ನೇ ಹೇಳ್ತಿದ್ವಿ" ಎಂದು ಭಾವನವರು ತಲೆದೂಗಿದರು. "ಒಳ್ಳೆ ಸಂಸ್ಥೆ."

ಬೀಗಿತ್ತಿಗೆ ಇನ್ನು ತಡೆಯಲಾಗಲಿಲ್ಲ. ಗೇಟು ತಳ್ಳಿ, ಮಗುವಿನ ಕೈ ಬಿಟ್ಟು, ಮೈದಾನದ ಉದ್ದಕ್ಕೂ ದಾಪುಗಾಲು ಹಾಕಿ ಹೊರಟರು. ಡ್ರೈವರು ಅವರನ್ನು ಕಂಡು ಬಲಗಾಲು ಒತ್ತಿ ನಿಂತುಬಿಟ್ಟರು. ಮೇಡಂ ಎಂದಿನಂತೆ ಮುಖ ನೋಡಲಿಲ್ಲ. ಬರುತ್ತಿದ್ದ ಕಾಲುಗಳನ್ನೇ ನೋಡುತ್ತ ನಿಂತರು. ಬೀಗಿತ್ತಿ ಬಾಯಿ ತೆರೆಯುವ ಮೊದಲೇ ಕೈ ಎತ್ತಿದರು.

"ಅಮ್ಮಾ, ಅಲ್ಲೇ ನಿಲ್ಲಿ. ನೀವು ಗೇಟಿನಿಂದ ಬಂದಿದ್ದನ್ನ ಪೂರ್ತಿ ನೋಡಿದೆ. ನಿಮ್ಮ ನಡೆ ಗುಮಾಸ್ತರದ್ದಕ್ಕಿಂತ ಕೆಟ್ಟಿದೆ."

ಬೀಗಿತ್ತಿ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಏನಂದ್ರಿ?"

"ಬೇಜಾರು ಮಾಡ್ಕೋಬೇಡಿ. ಈ ವಯಸ್ಸಿಗೆ ಇದೆಲ್ಲ ಸಾಮಾನ್ಯ. ಬಹಳ ಹೆಂಗಸರು ಹೇಳ್ಕೊಳ್ಳಲ್ಲ ಅಷ್ಟೆ. ನಿಮ್ಮ ಮನೆಯವರು ಯಾರೂ ಗಮನಿಸಿಲ್ವಾ?"

ಹಿಂದೆಯೇ ಬಂದು ನಿಂತಿದ್ದ ಭಾವನವರು ಬೀಗಿತ್ತಿಯ ಪಕ್ಕದಿಂದ ಒಂದು ಹೆಜ್ಜೆ ಆಚೆ ಸರಿದರು. ವಕೀಲರು ಆಕಾಶ ನೋಡಿದರು.

"ನನ್ನ ನಡೇಲಿ ಏನು ಕೆಟ್ಟದ್ದು ಕಂಡ್ರಿ ನೀವು?" ಎಂದರು ಬೀಗಿತ್ತಿ.

"ಮುಚ್ಚಿಟ್ಟರೆ ಮುಚ್ಚೋದಲ್ಲ ಅಮ್ಮ ಇದು. ಚಪ್ಪಲಿ ನೋಡಿದರೆ ಎಲ್ಲಾ ಗೊತ್ತಾಗುತ್ತೆ. ತೆಗೀರಿ."

ಬೀಗಿತ್ತಿ ತೆಗೆದರು. ತೆಗೆದು, ತಲೆಯ ಮಟ್ಟಕ್ಕೆ ಎತ್ತಿದರು. ಯಾವ ಉದ್ದೇಶಕ್ಕೆ ಎತ್ತಿದರೆಂಬುದರಲ್ಲಿ ಅಲ್ಲಿದ್ದ ಯಾರಿಗೂ ಅನುಮಾನವಿರಲಿಲ್ಲ, ಮೇಡಂ ಒಬ್ಬರನ್ನು ಬಿಟ್ಟು. ಅವರು "ಥ್ಯಾಂಕ್ಸ್" ಎಂದು ಹೇಳಿ ಎತ್ತಿದ ಕೈಯಿಂದ ಚಪ್ಪಲಿಯನ್ನು ತೆಗೆದುಕೊಂಡು, ತಿರುವಿ, ಎಲ್ಲರಿಗೂ ಅಡಿ ತೋರಿಸಿದರು.

"ನೋಡಿ, ಹಿಮ್ಮಡಿ ಹೇಗೆ ಒಂದೇ ಮಗ್ಗುಲಿಗೆ ಸವೆದಿದೆ. ಭಾರ ಎಲ್ಲಾ ಹೊರಗಡೆಗೆ ಹಾಕಿ ನಡೀತೀರಿ. ಮಂಡಿ ನೋವು ಎಷ್ಟು ದಿನದಿಂದ ಇದೆ?"

"ಮಂಡಿ ನೋವು... ಅದು ನಿಮಗೆ ಹೇಗೆ..." ಬೀಗಿತ್ತಿಯ ಎತ್ತಿದ ಕೈ ಹಾಗೇ ಮೇಲಿತ್ತು. ಅದನ್ನು ಇಳಿಸಬೇಕೆಂಬುದು ಮರೆತುಹೋಗಿತ್ತು. "ನಾನು ಯಾರಿಗೂ ಹೇಳಿಲ್ಲವಲ್ಲ."

ವಕೀಲರು ಮುಂದೆ ಬಂದರು. "ಒಂದು ನಿಮಿಷ ಮೇಡಂ. ಈ ನಡೆ ಅಂದ್ರೆ... ಕಾಲಲ್ಲಿ ನಡೆಯೋದಾ?"

"ಮತ್ತೆ ಯಾವುದರಲ್ಲಿ ನಡೀತಾರೆ ಸಾರ್?"

"ಹಾಗಾದ್ರೆ ಗುಮಾಸ್ತರು ಕಾಲು ಜಾರಿದ್ದು?"

"ನನ್ನ ಸೋಪು ನೀರಲ್ಲಿ" ಎಂದರು ಟೈಲರಮ್ಮ. ಆಕೆ ಇಷ್ಟು ಹೊತ್ತು ಸುಮ್ಮನಿದ್ದದ್ದು ಬಾಯಲ್ಲಿ ಪಿನ್ನು ಇರುವ ಅಭ್ಯಾಸದಿಂದ.

"ನೀವು ಅವರ ಕೈ ಹಿಡಿದಿದ್ದು?"

"ಬಿದ್ದೋರನ್ನ ಎತ್ತೋಕೆ. ಕಿವಿ ಹಿಡಿದು ಎತ್ತಬೇಕಿತ್ತಾ?" ಟೈಲರಮ್ಮ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದರು. ಆಕೆಯ ಮುಖದಲ್ಲಿ ನಿಧಾನವಾಗಿ ಬೆಳಕಾಯಿತು. "ಓಹೋ. ಅದಕ್ಕೇನಾ ಈ ವಾರ ಎಲ್ಲರೂ ಹೊಲಿದ ಬಟ್ಟೇನೇ ಹೊಲಿಯೋಕೆ ತಂದಿದ್ದು? ನಾನು ದಡ್ಡಿ, ಎಲ್ಲಾ ಬಿಚ್ಚಿ ಮತ್ತೆ ಹೊಲಿದುಕೊಟ್ಟೆನಲ್ರೀ."

ಕೊನೆಯದಾಗಿ ಅರ್ಥವಾದದ್ದು ಗುಮಾಸ್ತರಿಗೆ. ಅವರು ಮೊದಲು ಬೋರ್ಡಿನ ಕಡೆ ನೋಡಿದರು, ಆಮೇಲೆ ಟೈಲರಮ್ಮನ ಕಡೆ, ಆಮೇಲೆ ಎರಡೂ ಕಿವಿ ಕೆಂಪಾಗಿ ನೆಲದ ಕಡೆ. "ಅಂದ್ರೆ ಇಷ್ಟು ದಿನ ನೀವೆಲ್ಲ ನನ್ನನ್ನ..."

"ನಾವು ಕೈ ಬಿಟ್ಟಿರಲಿಲ್ಲ ಸಾರ್" ಎಂದ ಸಲೂನಿನವನು.

"ನಿಮ್ಮ ಪರ ವಾದ ಮಾಡೋಕೆ ತಯಾರಿದ್ದೆ" ಎಂದರು ವಕೀಲರು. "ವಯಸ್ಸು, ಹಿಂದಿನ ಒಳ್ಳೆ ದಾಖಲೆ, ಎಲ್ಲ ಯೋಚಿಸಿಟ್ಟಿದ್ದೆ."

ಭಾವನವರು ಚೀಲದಿಂದ ಒಂದು ಕಂಬಳಿ ಹೊರತೆಗೆದು ತೋರಿಸಿದರು. ಸುಧಾರಣಾ ಕೇಂದ್ರದಲ್ಲಿ ರಾತ್ರಿ ಚಳಿಯಾದೀತೆಂದು ತಂದದ್ದಂತೆ.

ಇಂಥ ಹೊತ್ತಿನಲ್ಲಿ ಏನು ಹೇಳಬೇಕೆಂದು ಕಚೇರಿಯ ಯಾವ ಪತ್ರದಲ್ಲೂ ಇರುವುದಿಲ್ಲ. ಗುಮಾಸ್ತರು ಬೀಗಿತ್ತಿಯ ಕಡೆ ತಿರುಗಿ, "ನಿನ್ನೆ ನೀವೂ ಜಾರಬಹುದು ಅಂದೆನಲ್ಲ, ಅದು..." ಎಂದರು.

"ಅದನ್ನ ಈಗ ಎತ್ತಬೇಡಿ" ಎಂದರು ಬೀಗಿತ್ತಿ ಮುಖ ಆಚೆ ತಿರುಗಿಸಿ. ಅವರ ಹೆಗಲು ಕುಲುಕುತ್ತಿತ್ತು. ಅಳುತ್ತಿದ್ದಾರೆಂದು ಸಲೂನಿನವನು ಗಾಬರಿಯಾದ. ನಗುತ್ತಿದ್ದರು. ನಕ್ಕು ಮುಗಿಸಿ, ಒಂದೇ ಚಪ್ಪಲಿಯಲ್ಲಿ ನಿಂತುಕೊಂಡೇ ಮೇಡಂ ಕಡೆ ನೋಡಿದರು. "ನಿಜ ಹೇಳಿ. ಇವರ ಜೊತೆ ಮಗೂನ ರಸ್ತೇಲಿ ಕಳಿಸಬಹುದಾ?"

"ನೋಡಿಯೇ ಹೇಳೋಣ" ಎಂದು ಮೇಡಂ ಶಿಳ್ಳೆ ಬಾಯಿಗಿಟ್ಟರು.

ಮೊಮ್ಮಗಳು ಓಡಿಬಂದು ತಾತನ ಎಡಗೈ ಹಿಡಿದಳು. ಅವರಿಬ್ಬರೂ ಮೈದಾನದ ಆ ತುದಿಯ ತನಕ ಹೋಗಿ ತಿರುಗಿ ಬಂದರು. ತರಗತಿಯವರೂ ನಿ​ಯೋಗದವರೂ ಎರಡು ಸಾಲಾಗಿ ನಿಂತು ನೋಡಿದರು. ಡ್ರೈವರು ಪಕ್ಕದಿಂದ "ಬರಲಿ, ಬರಲಿ, ನೇರ ಬರಲಿ" ಎನ್ನುತ್ತಿದ್ದರು. ಮೇಡಂ ಕಾಲುಗಳನ್ನು ನೋಡಿದರು. ಮೊದಲ ಬಾರಿಗೆ ಮುಖವನ್ನೂ ನೋಡಿದರು.

"ಉತ್ತಮ" ಎಂದರು.

ಗುಮಾಸ್ತರಿಗೆ ನಂಬಿಕೆ ಬರಲಿಲ್ಲ. "ನಿಜವಾಗಿ ಉತ್ತಮಾನಾ ಮೇಡಂ? ಬೇರೆ ಮಾತು ಹಿಡಿಸಲ್ಲ ಅಂತ ಹೇಳಿದ್ದಲ್ಲವಲ್ಲ?"

ಮೇಡಂಗೆ ಪ್ರಶ್ನೆ ಅರ್ಥವಾಗಲಿಲ್ಲ. ಅರ್ಥವಾದ ಇಬ್ಬರು, ವಕೀಲರು ಮತ್ತು ಸಲೂನಿನವನು, ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಗುಮಾಸ್ತರ ಹೆಂಡತಿಗೆ ವಿಷಯ ತಿಳಿದದ್ದು ಎಲ್ಲ ಮುಗಿದ ಮೇಲೆ. ಅವರು ಸೊಂಟ ಹಿಡಿದುಕೊಂಡು ನಕ್ಕರು. "ಇವರಿಗಾ? ಅಡ್ಡದಾರಿ ಹಿಡಿಯೋಕೆ ಮೊದಲು ರಸ್ತೆ ದಾಟೋಕೆ ಬರಬೇಕು ಅಣ್ಣ." ಬೋರ್ಡನ್ನು ಅಂದೇ ಇಳಿಸಲಾಯಿತು. ಹೊಸ ಶಬ್ದ ಸೂಚಿಸುತ್ತೇನೆಂದು ಗುಮಾಸ್ತರು ಮುಂದೆ ಬಂದರು. ಎಲ್ಲರೂ ಒಕ್ಕೊರಲಿನಿಂದ ಬೇಡವೆಂದರು. ಟೈಲರಮ್ಮ ಒಂದು ಬಟ್ಟೆಯ ಮೇಲೆ 'ವಾಕಿಂಗ್ ಕ್ಲಾಸ್' ಎಂದು ಹೊಲಿದು ಕಟ್ಟಿದರು. ಅದರ ಕೆಳಗೆ ಮಾರನೆಯ ದಿನದಿಂದ ನಡೆಯಲು ಬಂದವರಲ್ಲಿ ಬೀಗಿತ್ತಿಯೂ ಒಬ್ಬರು.

ಶಾಲೆ ಶುರುವಾದ ದಿನ ಮೂವರು ಹೊರಟರು. ನಡುವೆ ಸಮವಸ್ತ್ರ ತೊಟ್ಟ ಮೊಮ್ಮಗಳು, ಅವಳ ಒಂದು ಪಕ್ಕಕ್ಕೆ ಗುಮಾಸ್ತರು, ಇನ್ನೊಂದು ಪಕ್ಕಕ್ಕೆ ಬೀಗಿತ್ತಿ. ಶಾಲೆಯ ಬಾಗಿಲಲ್ಲಿ ತಂದೆ ತಾಯಂದಿರು ಕಿಕ್ಕಿರಿದಿದ್ದರು. ಒಂದನೇ ತರಗತಿಯ ಮಿಸ್ ಬಗ್ಗಿ ಮಗುವಿನ ಗಲ್ಲ ಹಿಡಿದು ಕೇಳಿದರು.

"ಏನು ಪುಟ್ಟಿ, ತಾತ, ಅಜ್ಜಿ ಇಬ್ಬರೂ ನಿನ್ನ ಕರ್ಕೊಂಡು ಬಂದ್ರಾ?"

"ಇಲ್ಲ ಮಿಸ್" ಎಂದಳು ಮೊಮ್ಮಗಳು, ಇಡೀ ಅಂಗಳಕ್ಕೆ ಕೇಳುವಂತೆ. "ಇವರಿಬ್ಬರ ನಡೆ ಸರಿ ಇಲ್ಲ. ಅದಕ್ಕೇ ನಾನೇ ಕರ್ಕೊಂಡು ಬಂದೆ."

ಅಂಗಳದ ಎಲ್ಲ ಮುಖಗಳೂ ಒಟ್ಟಿಗೆ ಇತ್ತ ತಿರುಗಿದವು. ಗುಮಾಸ್ತರು ಗಂಟಲು ಸರಿಮಾಡಿಕೊಂಡರು. "ಅಂದರೆ, ಅದು ಏನಪ್ಪಾ ಅಂದ್ರೆ, ನಡೆ ಅನ್ನೋ ಶಬ್ದಕ್ಕೆ..."

"ಬೀಗರೇ" ಎಂದರು ಬೀಗಿತ್ತಿ ಹಲ್ಲು ಕಚ್ಚಿ. "ನೀವು ಮಾತ್ರ ಏನೂ ವಿವರಿಸಬೇಡಿ. ಸುಮ್ಮನೆ ನಡೀರಿ."

ಗುಮಾಸ್ತರು ನಡೆದರು. ಅಂಗಳದ ಉದ್ದಕ್ಕೂ, ತರಗತಿಯ ಬಾಗಿಲಿನ ತನಕ, ಮೇಡಂ ಹೇಳಿಕೊಟ್ಟಂತೆ ದೃಷ್ಟಿ ನೇರ ಇಟ್ಟುಕೊಂಡು ನಡೆದರು. ಸ್ವಲ್ಪ ಎಡಕ್ಕೆ ವಾಲಿದ್ದು ನಿಜ. ಆದರೆ ಆ ಕಡೆಗೆ ಮೊಮ್ಮಗಳಿದ್ದಳು.